ಆರನೇ ಬಟ್ಟಲು

ಅಕ್ಕನಾಗಮ್ಮನ ಟ್ರಂಕಿನಲ್ಲಿ ಎಂಟು ಸೀರೆ, ಗಂಡನ ಒಂದು ಫೋಟೊ, ಆಸ್ಪತ್ರೆಯ ಚೀಟಿಗಳ ಕಟ್ಟು ಇದ್ದವು. ಎಲ್ಲಕ್ಕಿಂತ ಕೆಳಗೆ, ಮದುವೆಯ ಇಳಕಲ್ ಸೀರೆಯ ಮಡಿಕೆಯಲ್ಲಿ, ಒಂದು ಸ್ಟೀಲ್ ಬಟ್ಟಲಿತ್ತು. ಅದು ಅವಳದಲ್ಲ. ಪಕ್ಕದ ಮನೆಯ ಮೌಲಾಬಿಯದು. ತೊಳೆದು ಒರೆಸಿಟ್ಟು ಹದಿನೈದು ದಿನವಾಗಿತ್ತು, ವಾಪಸ್ ಕೊಡಲು ಆಗಿರಲಿಲ್ಲ.

ಕುರುಗೋಡಿನಲ್ಲಿ ತಮ್ಮ ಮರಿಬಸಪ್ಪನ ಮನೆಯ ಮಗ್ಗುಲಲ್ಲೇ ಇದ್ದವಳು ಅವಳು. ಶಿವರಾತ್ರಿಯ ಮುಂದೆ ಒಂದು ಬೆಳಿಗ್ಗೆ ರೊಟ್ಟಿ ಬಡಿಯುವಾಗ ಎಡಗೈ ಸೋತು ಬಿತ್ತು. ಮಗ ಗವಿಸಿದ್ದೇಶ್ ಬಂದು ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿದ. ಎಂಟು ದಿನದ ಮೇಲೆ ಅಲ್ಲಿಂದ ನೇರ ಅದೇ ಊರಿನ ಕಂಟೋನ್ಮೆಂಟಿನಲ್ಲಿದ್ದ ತನ್ನ ಮನೆಗೆ ಕರೆತಂದ. ಮಾತು ಉಳಿದಿತ್ತು, ಕಾಲು ಉಳಿದಿತ್ತು. ಎಡಗೈಗೆ ಮಾತ್ರ ಏನನ್ನೂ ಹಿಡಿಯುವ ಶಕ್ತಿ ಇರಲಿಲ್ಲ. ಜೊತೆಗೆ ಶುಗರ್ ಇದೆಯೆಂದೂ ಗೊತ್ತಾಯಿತು.

ಮನೆಯವರು ಒಳ್ಳೆಯವರು. ಯಾರು ಕೇಳಿದರೂ ಅವಳು ಹಾಗೆಯೇ ಹೇಳುತ್ತಿದ್ದಳು, ಆದರೆ ಕೇಳುವವರು ಯಾರೂ ಬರುತ್ತಿರಲಿಲ್ಲ. ಸೊಸೆ ಶೀಲಾ ಸಿರುಗುಪ್ಪದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಏಳೂವರೆಗೆ ಮನೆ ಬಿಟ್ಟು ಬಸ್ಸು ಹಿಡಿದರೆ ಸಂಜೆ ಏಳಕ್ಕೆ ವಾಪಸ್. ಮಗನಿಗೆ ಪಂಪ್‌ಸೆಟ್ ಬಿಡಿಭಾಗದ ಅಂಗಡಿ. ಮೊಮ್ಮಗಳು ಶೈಲಜಾ ಬಿ.ಕಾಂ. ಓದುತ್ತಿದ್ದಳು. ಶೀಲಾ ಹೋಗುವ ಮುಂಚೆ ಅತ್ತೆಯ ಊಟವನ್ನು ಹಾಟ್‌ಬಾಕ್ಸಿನಲ್ಲಿ ಹಾಕಿಡುತ್ತಿದ್ದಳು. ಮೂರು ಹೊತ್ತಿನ ಮಾತ್ರೆಗಳನ್ನು ಮೂರು ಡಬ್ಬಿಯ ಮುಚ್ಚಳಗಳಲ್ಲಿ ಇಡುತ್ತಿದ್ದಳು.

"ಅತ್ತಿ, ಏನೂ ಮಾಡಾಕ ಹೋಗಬ್ಯಾಡ್ರಿ. ಸುಮ್ನ ಕುಂತ್ಕೊಳ್ರಿ."

"ಕಸ ಆದ್ರೂ ಹೊಡಿತೀನವ್ವಾ, ಬಲಗೈ ಚಲೋ ಐತಿ."

"ಬ್ಯಾಡ್ರಿ. ಬಿದ್ದು ಗಿದ್ದೀರಿ. ಹನುಮಮ್ಮ ಬರ್ತಾಳ."

ಎಂಟೂವರೆಗೆ ಮನೆ ಖಾಲಿಯಾಗುತ್ತಿತ್ತು. ಅಕ್ಕನಾಗಮ್ಮ ಸುಮ್ಮನೆ ಕೂರುತ್ತಿದ್ದಳು. ಅರವತ್ತೊಂದು ವರ್ಷದಲ್ಲಿ ಅವಳು ಮಾಡದೆ ಇದ್ದ ಕೆಲಸ ಅದೊಂದೇ.

ಒಂಬತ್ತಕ್ಕೆ ಹನುಮಮ್ಮ ಬರುತ್ತಿದ್ದಳು. ಕೌಲ್ ಬಜಾರಿನಿಂದ ನಡೆದುಕೊಂಡು ಬಂದು ನಾಲ್ಕು ಮನೆಯ ಪಾತ್ರೆ ತಿಕ್ಕುವ ಹೆಂಗಸು. ನಲವತ್ತರ ಆಸುಪಾಸು, ಬಾಯಿ ಜೋರು. ಮೊದಲ ವಾರವೇ ಅವಳು ಒಂದು ಪುಟ್ಟಿ ಚವಳಿಕಾಯಿಯನ್ನು ತಂದು ಅಕ್ಕನಾಗಮ್ಮನ ಮುಂದೆ ಸುರಿದಳು.

"ಅಮ್ಮಾ, ಇವುಕ್ಕ ತುದಿ ಮುರೀರಿ. ನಂಗ ಮುಂದಿನ ಮನಿಗೆ ಹೊತ್ತಾಗ್ತತಿ."

"ಸೊಸಿ ಏನೂ ಮಾಡಬ್ಯಾಡ ಅಂದಾಳಲ್ಲೇ."

"ಮೇಡಂ ಸಿರುಗುಪ್ಪದಾಗ ಅದಾರ. ಇಲ್ಲಿ ನಾ ಅದೀನಿ. ಮುರೀರಿ."

ಅಕ್ಕನಾಗಮ್ಮ ಒಂದೇ ಕೈಯ ಉಗುರಿನಲ್ಲಿ ಮುರಿದಳು. ಅರ್ಧ ತಾಸು ಹಿಡಿಯಿತು. ಹನುಮಮ್ಮ ನೋಡಿ, "ಇಷ್ಟ ಉದ್ದ ಬಿಟ್ಟೀರಲ್ಲ, ಮೇಡಂ ನನ್ನ ಬೈತಾರ," ಎಂದಳು. ಯಾರಾದರೂ ತನ್ನನ್ನು ಬೈದು ಎಷ್ಟೋ ದಿನವಾಗಿತ್ತು. ಅಕ್ಕನಾಗಮ್ಮನಿಗೆ ಹೊಟ್ಟೆ ತುಂಬಿದಂತಾಯಿತು.

ಕೆಲಸವೆಲ್ಲ ಮುಗಿದ ಮೇಲೆ ಹನುಮಮ್ಮ ಅವಳ ಹಿಂದೆ ಕೂತು ಎಣ್ಣೆ ಹಚ್ಚಿ, ತಲೆ ಬಾಚಿ, ತುರುಬು ಕಟ್ಟುತ್ತಿದ್ದಳು. ಒಂದು ಕೈಯಲ್ಲಿ ತುರುಬು ಕಟ್ಟಲು ಬರುವುದಿಲ್ಲ. ಅದನ್ನು ಯಾರೂ ಹೇಳದೆಯೇ ಹನುಮಮ್ಮ ಕಂಡುಕೊಂಡಿದ್ದಳು. ಅದು ಅವಳ ಕೆಲಸವಲ್ಲ, ಶೀಲಾ ಹೇಳಿದ್ದೂ ಅಲ್ಲ.

ಇನ್ನು ಬಟ್ಟಲಿನ ಸಂಗತಿ. ಯುಗಾದಿಯ ಮರುದಿನವೇ ರಂಜಾನ್ ಬಂದಿತ್ತು. ಶೀಲಾ, ಗಂಡ, ಮಗಳು ಮೂವರೂ ಸಿರುಗುಪ್ಪದ ತವರಿಗೆ ಹೋಗಿದ್ದರು. ಯುಗಾದಿಯ ದಿನವೆಲ್ಲ ಮಾತ್ರೆಯ ಅಮಲಿನಲ್ಲಿ ಮಲಗಿದ್ದ ಅಕ್ಕನಾಗಮ್ಮ ಅವತ್ತು ಎದ್ದು ಪಡಸಾಲೆಯಲ್ಲಿ ಕೂತಿದ್ದಳು. ಮಧ್ಯಾಹ್ನ ಮೌಲಾಬಿ ಬಾಗಿಲಿಗೆ ಬಂದಳು. ಮನೆ ತುಂಬ ನೆಂಟರು, ನಿಂತು ಮಾತಾಡಲು ಪುರುಸೊತ್ತಿಲ್ಲ.

"ತಗೊಳ್ರಿ ಅಕ್ಕ, ಹಬ್ಬದ ಸುರಕುಂಬಾ. ಬಿಸಿ ಐತಿ ನೋಡ್ರಿ," ಎಂದು ಬಟ್ಟಲು ಕೈಗಿತ್ತು ಹೋದಳು.

ಗಟ್ಟಿ ಹಾಲು, ಶಾವಿಗೆ, ಖರ್ಜೂರ, ಗೋಡಂಬಿ. ಯುಗಾದಿಗೆ ಸೊಸೆ ಕೊಟ್ಟದ್ದು ಅರ್ಧ ಹೋಳಿಗೆ, ಅದೂ ತುಪ್ಪವಿಲ್ಲದೆ. ಎಲ್ಲರಿಗೂ ಉಳಿಸಬೇಕು ಎಂದು ಅಕ್ಕನಾಗಮ್ಮ ಮೊದಲು ಎರಡು ಚಮಚ ತಿಂದಳು. ಆಮೇಲೆ ನಾಲ್ಕು. ಆಮೇಲೆ ತಳ ಕೆರೆದಳು. ತಿಂದದ್ದು ಗೊತ್ತಾದರೆ ಶೀಲಾ ಬೈಯುವುದಿಲ್ಲ, ಮುಖ ಸಣ್ಣ ಮಾಡಿಕೊಂಡು ಶುಗರ್ ಚೆಕ್ ಮಾಡಿಸುತ್ತಾಳೆ. ಅದು ಬೈಗುಳಕ್ಕಿಂತ ಕಷ್ಟ. ಬಟ್ಟಲು ತೊಳೆದು ಟ್ರಂಕಿಗೆ ಸೇರಿಸಿದಳು.

ನಾಳೆ ಕೊಟ್ಟರಾಯಿತು ಎಂದುಕೊಂಡಿದ್ದಳು. ಆದರೆ ಖಾಲಿ ಕೊಡುವುದು ಹೇಗೆ? ಕುರುಗೋಡಿನ ಓಣಿಯಲ್ಲಿ ಯಾರ ಪಾತ್ರೆಯೂ ಖಾಲಿ ಹೋಗುತ್ತಿರಲಿಲ್ಲ. ಹಿಡಿ ಶೇಂಗಾ, ನಾಲ್ಕು ಹಸಿಮೆಣಸಿನಕಾಯಿ, ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲ ಹಾಕಿ ಕೊಡಬೇಕು. ಖಾಲಿ ಕೊಟ್ಟರೆ ಇನ್ನು ಮುಂದೆ ಕಳಿಸಬೇಡಿರಿ ಎಂದು ಹೇಳಿದ ಹಾಗೆ. ಮರುದಿನ ಅಡುಗೆಮನೆಗೆ ಹೋಗಿ ಡಬ್ಬಿಗಳನ್ನು ಒಂದೊಂದಾಗಿ ತೆಗೆದು ನೋಡಿದಳು. ಸಕ್ಕರೆ, ಅವಲಕ್ಕಿ, ಪುಟಾಣಿ ಎಲ್ಲ ಇದ್ದವು. ಎಲ್ಲ ಸೊಸೆ ತಂದದ್ದು, ಸೊಸೆ ತುಂಬಿಟ್ಟದ್ದು. ಕದ್ದು ತಿಂದದ್ದಕ್ಕೆ ಕದ್ದು ತುಂಬಿ ಕೊಡುವುದೇ? ಡಬ್ಬಿ ಮುಚ್ಚಿ ಈಚೆ ಬಂದಳು. ಇಷ್ಟು ದೊಡ್ಡ ಮನೆಯಲ್ಲಿ ಒಂದು ಬಟ್ಟಲಿಗೆ ಹಾಕುವಷ್ಟು ತನ್ನದು ಎನ್ನುವುದು ಏನೂ ಇರಲಿಲ್ಲ.

ಅಂದಿನಿಂದ ಮೌಲಾಬಿ ಬಟ್ಟೆ ಒಣ ಹಾಕಲು ಹಿತ್ತಲಿಗೆ ಬಂದರೆ ಅಕ್ಕನಾಗಮ್ಮ ಒಳಗೆ ಸರಿಯುತ್ತಿದ್ದಳು. ಎರಡು ಸಲ "ಹೆಂಗದೀರಿ ಅಕ್ಕ?" ಎಂದು ಕೂಗಿದ ಮೌಲಾಬಿ ಮೂರನೆಯ ಸಲ ಕೂಗಲಿಲ್ಲ.

ಬಸವ ಜಯಂತಿಗೆ ಶೀಲಾಳ ಅಣ್ಣ, ಅತ್ತಿಗೆ ಊಟಕ್ಕೆ ಬಂದರು. ಹಬ್ಬಕ್ಕೆ ಮಾತ್ರ ಹೊರಬರುವ ಬಟ್ಟಲುಗಳನ್ನು ಶೀಲಾ ಮೇಲಿನ ಕಪಾಟಿನಿಂದ ಇಳಿಸಿದಳು.

"ಆರಿದ್ವು. ಐದ ಅದಾವ. ಶೈಲಿ, ನೀ ಏನರ ತಗೊಂಡಿದ್ದೇನು?"

"ನನಗೇನು ಗೊತ್ತವ್ವಾ," ಶೈಲಜಾ ಮೊಬೈಲಿನಿಂದ ಕಣ್ಣೆತ್ತಲಿಲ್ಲ.

"ನಮ್ಮವ್ವ ಮದಿವ್ಯಾಗ ಕೊಟ್ಟಿದ್ದು."

"ಒಂದು ಬಟ್ಟಲಿಗೆ ಎಷ್ಟು ಮಾತು. ಪಾಯಸ ನನಗ ಲೋಟದಾಗ ಕೊಡು," ಎಂದ ಗವಿಸಿದ್ದೇಶ್.

ಬಟ್ಟಲು ಎಂಬ ಮಾತು ಕಿವಿಗೆ ಬಿದ್ದಾಗ ಅಕ್ಕನಾಗಮ್ಮ ಟ್ರಂಕಿನ ಕಡೆ ನೋಡಿದಳು. ಮದುವೆಯಲ್ಲಿ ತವರಿನವರು ಕೊಟ್ಟದ್ದು ಎಂದು ಕೇಳಿ ಸಮಾಧಾನವಾಯಿತು. ಟ್ರಂಕಿನಲ್ಲಿರುವುದು ಮೌಲಾಬಿಯದಲ್ಲವೇ.

ಮರುದಿನ ಶೀಲಾ ಬಸ್ಸು ತಪ್ಪಿಸಿಕೊಂಡು ಹನುಮಮ್ಮ ಬರುವ ತನಕ ಕಾದಳು.

"ಹನುಮಮ್ಮ, ಹಬ್ಬದ ಬಟ್ಟಲ ಒಂದು ಕಾಣವಲ್ದು. ನೀ ನೋಡೀಯೇನು?"

"ಇಲ್ರಿ ಮೇಡಂ."

"ಮೊನ್ನೆ ಪಲ್ಯ ಕೊಟ್ಟಿದ್ನಲ್ಲ. ಮರ್ತು ಅದ್ರಾಗ ಏನರ ಒಯ್ದೇನು?"

ಹನುಮಮ್ಮ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದಳು. "ನೀವು ಕೊಟ್ಟ ಪಲ್ಯ ನನ್ನ ಡಬ್ಬ್ಯಾಗ ಒಯ್ತೀನಿ. ನಿಮ್ಮ ಒಂದು ಚಮಚ ಸೈತ ನಮ್ಮನಿ ಹೊಸ್ತಿಲ ದಾಟಿಲ್ಲ. ಬಂದು ನೋಡ್ರಿ."

"ನಾ ಕದ್ದಿ ಅಂದೆನೇನು? ಕೇಳಿದೆ ಅಷ್ಟ."

"ಕೇಳಿದ್ರಲ್ರಿ. ಅಷ್ಟ ಸಾಕು."

ಹನುಮಮ್ಮ ಉಳಿದ ಪಾತ್ರೆಗಳನ್ನೆಲ್ಲ ತೊಳೆದಳು. ನೆಲ ಒರೆಸಿದಳು. ಅರಿವೆ ಹಿಂಡಿ ತಂತಿಗೆ ಹಾಕಿದಳು. ಕೊನೆಗೆ ಅಕ್ಕನಾಗಮ್ಮನ ಹಿಂದೆ ಕೂತು ತಲೆ ಬಾಚಿದಳು. ತುರುಬು ಬಹಳ ಬಿಗಿಯಾಗಿತ್ತು.

"ಎರಡು ದಿನ ತಡೀತತಿ ಹಿಂಗ ಕಟ್ಟಿದ್ರ," ಎಂದಳು. ನಾಳೆಯಿಂದ ಬರುವುದಿಲ್ಲ ಎಂದು ಹೇಳಿದ ಬಗೆ ಅದು. ತುರುಬು ಮೂರು ದಿನ ನಿಂತಿತು.

ಆಮೇಲೆ ಮನೆಯಲ್ಲಿ ಪಾತ್ರೆಯ ಜಗಳ ಶುರುವಾಯಿತು. ಏಳಕ್ಕೆ ಬಂದ ಶೀಲಾ ಸೀರೆ ಬದಲಿಸದೆ ಸಿಂಕಿನ ಮುಂದೆ ನಿಲ್ಲುತ್ತಿದ್ದಳು.

"ಶೈಲಿ, ನಾಕು ತಾಟು ತೊಳದ್ರ ನಿನ್ನ ಕೈ ಸವೀತಾವೇನು?"

"ನನಗ ಇಂಟರ್ನಲ್ಸ್ ಅದಾವ."

"ನನಗ ಆಫೀಸಿಲ್ಲೇನು? ದಿನಾ ಮೂರು ತಾಸು ಬಸ್ಸಿನ್ಯಾಗ ನಿಂತು ಬರ್ತೀನಿ."

"ಹನುಮಮ್ಮನ್ನ ಓಡಿಸಿದ್ದು ನಾನೇನು?"

"ಬಾಯಿ ಮುಚ್ಚು."

"ನಾ ತೊಳಿತೀನಿ ಬಿಡ್ರಿ," ಎಂದು ಅಕ್ಕನಾಗಮ್ಮ ಎದ್ದರೆ ಮೂವರೂ ಒಂದೇ ದನಿಯಲ್ಲಿ, "ನೀವು ಕುಂತ್ಕೊಳ್ರಿ," ಎನ್ನುತ್ತಿದ್ದರು. ಮನೆಯವರೆಲ್ಲ ಒಪ್ಪಿಕೊಳ್ಳುತ್ತಿದ್ದ ಮಾತು ಆ ದಿನಗಳಲ್ಲಿ ಅದೊಂದೇ.

ತಲೆ ಬಾಚುವ ಕೆಲಸ ಶೈಲಜಾಳಿಗೆ ಬಂತು. ಅವಳು ರಬ್ಬರ್ ಬ್ಯಾಂಡಿನಲ್ಲಿ ಕುದುರೆಬಾಲ ಕಟ್ಟಿ, "ಮಸ್ತ್ ಕಾಣ್ತಿ ಅಜ್ಜಿ," ಎಂದು ಓಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಕೂದಲು ಬಾಯಿಗೆ ಬರುತ್ತಿತ್ತು. ಹಾಟ್‌ಬಾಕ್ಸಿನ ಮುಚ್ಚಳ ತಿರುವಲು ಒಂದು ಕೈಗೆ ಆಗದೆ ಅಕ್ಕನಾಗಮ್ಮ ಎರಡು ದಿನ ಮಧ್ಯಾಹ್ನ ಉಪವಾಸ ಇದ್ದಳು. ಮೊದಲು ಅದನ್ನೂ ಹನುಮಮ್ಮನೇ ಸಡಿಲಿಸಿ ಹೋಗುತ್ತಿದ್ದಳು. ಅನ್ನ ಹಾಗೇ ಉಳಿದದ್ದನ್ನು ಕಂಡು ಶೀಲಾ, "ಯಾಕ್ರಿ, ರುಚಿ ಆಗಿದ್ದಿಲ್ಲೇನು?" ಎಂದಳು. "ಹಸಿವಿದ್ದಿಲ್ಲವ್ವಾ," ಎಂದಳು ಅತ್ತೆ.

ಒಂದು ಮುಂಜಾನೆ ತಮ್ಮ ಮರಿಬಸಪ್ಪ ಕುರುಗೋಡಿನಿಂದ ಬಂದ. ಹೆಗಲ ಮೇಲೆ ಚೀಲದ ತುಂಬ ಸಿಪ್ಪೆಯ ಶೇಂಗಾ.

"ಅಕ್ಕಾ, ನಿನಗಂತ ತಂದೀನಿ. ಕೈ ಹೆಂಗೈತಿ?"

"ಇದ್ದಲ್ಲೇ ಐತಿ. ಓಣ್ಯಾಗ ಎಲ್ಲಾರು ಅದಾರೇನು?"

"ಅದಾರ. ಗಿಡ್ಡಮ್ಮ ಕೇಳ್ತಾಳ, ಯಾವಾಗ ಬರ್ತಾಳ ಅಂತ. ನಾ ಏನ್ ಹೇಳ್ಲಿ, ಪ್ಯಾಟಿ ಸೊಸಿ ಕೈಯಾಗ ಕುಂತು ಉಣ್ಣಾಕತ್ಯಾಳ, ಯಾಕ ಬರ್ತಾಳ ಅಂದೆ."

"ಚಲೋ ಹೇಳಿದಿ."

ಅವನಿಗೆ ಅದರ ವ್ಯಂಗ್ಯ ಮುಟ್ಟಲಿಲ್ಲ. ಚಹಾ ಕುಡಿದು ಹನ್ನೊಂದರ ಬಸ್ಸಿಗೆ ಹೋದ.

"ಇಷ್ಟನ್ನ ಯಾರು ಸುಲೀಬೇಕು," ಎಂದು ಶೀಲಾ ರಾತ್ರಿ ಚೀಲವನ್ನು ಮೂಲೆಗೆ ತಳ್ಳಿದಳು. ಮರುದಿನದಿಂದ ಅಕ್ಕನಾಗಮ್ಮ ಸುಲಿಯತೊಡಗಿದಳು. ಕಾಯಿಯನ್ನು ನೆಲಕ್ಕಿಟ್ಟು ಲೋಟದ ತಳದಿಂದ ಒತ್ತಬೇಕು, ಬಿರಿದ ಸಿಪ್ಪೆಯನ್ನು ಬೆರಳಿನಿಂದ ಬಿಡಿಸಬೇಕು. ಕೆಲವು ಜಜ್ಜಿಹೋದವು, ಕೆಲವು ಮಂಚದಡಿಗೆ ಹಾರಿದವು. ನಾಲ್ಕು ದಿನಕ್ಕೆ ಒಂದು ಬಟ್ಟಲು ತುಂಬಿತು. ತಮ್ಮ ತನಗೆಂದು ತಂದದ್ದು, ತಾನೇ ಸುಲಿದದ್ದು. ಇದರಲ್ಲಿ ಯಾರ ಹಂಗೂ ಇರಲಿಲ್ಲ. ಟ್ರಂಕು ತೆಗೆದು, ಮೌಲಾಬಿಯ ಬಟ್ಟಲಿಗೆ ಸುರಿದು, ಸೆರಗು ಮುಚ್ಚಿಕೊಂಡು ಪಕ್ಕದ ಮನೆಗೆ ಹೋದಳು.

ಮೌಲಾಬಿಯ ಮಗ ಮುಸ್ತಾಕ್ ಜೀನ್ಸ್ ಪ್ಯಾಂಟು ಹೊಲಿಯುವವನು. ಮನೆಯ ತುಂಬ ನೀಲಿ ಪ್ಯಾಂಟುಗಳ ರಾಶಿ ಬಿದ್ದಿತ್ತು. ಅತ್ತೆ, ಸೊಸೆ ಕೂತು ದಾರದ ತುದಿ ಕತ್ತರಿಸುತ್ತಿದ್ದರು.

"ಬರ್ರಿ ಅಕ್ಕ. ನಮ್ಮ ಮ್ಯಾಲೆ ಸಿಟ್ಟು ಆಗೀರಿ ಅಂತ ತಿಳಿದಿದ್ದೆ," ಎಂದಳು ಮೌಲಾಬಿ.

"ಸಿಟ್ಟೆಲ್ಲಿದವ್ವಾ. ನಿನ್ನ ಬಟ್ಟಲ ಉಳಿಸ್ಕೊಂಡಿದ್ದೆ. ಖಾಲಿ ಹೆಂಗ ಕೊಡ್ಲಿ ಅಂತ ಇಷ್ಟು ದಿನ ಆತು."

ಮೌಲಾಬಿ ಬಟ್ಟಲು ನೋಡಿದಳು, ಅಕ್ಕನಾಗಮ್ಮನನ್ನು ನೋಡಿದಳು. "ಇದು ನಮ್ಮದಲ್ಲಕ್ಕ. ನಿಮ್ಮದ. ಯುಗಾದಿ ದಿನ ನಿಮ್ಮ ಸೊಸಿ ಹೋಳಿಗಿ ಹಾಕಿ ಮಗಳ ಕೈಯಾಗ ಕಳ್ಸಿದ್ರು. ಅದಕ್ಕ ಸುರಕುಂಬಾ ಹಾಕಿ ವಾಪಸ್ ತಂದು ಕೊಟ್ಟೆ. ಇರ್ಫಾನಾ, ಹಿಂದ ಏನು ಬರದೈತಿ ನೋಡವ್ವಾ."

ಸೊಸೆ ಇರ್ಫಾನಾ ಬಟ್ಟಲನ್ನು ಮೇಲೆತ್ತಿ ತಳ ನೋಡಿದಳು. "ಶೀಲಾ ಅಂತ ಐತ್ರಿ. ಕೊರೆಸ್ಯಾರ."

ಅಕ್ಕನಾಗಮ್ಮನಿಗೆ ಓದಲು ಬರುತ್ತಿರಲಿಲ್ಲ. ತಳದಲ್ಲಿದ್ದ ಚುಕ್ಕಿಗಳನ್ನು ಬೆರಳಿನಿಂದ ಮುಟ್ಟಿದ್ದಳು, ಗೀರು ಎಂದುಕೊಂಡಿದ್ದಳು. ಈಗ ನಿಂತಲ್ಲೇ ಎಲ್ಲ ಒಂದರ ಹಿಂದೊಂದು ಬಂದು ಕೂತವು. ಓಣಿಯ ರೀತಿ ಪ್ಯಾಟೆಯ ಸೊಸೆಗೆ ಗೊತ್ತಿಲ್ಲ ಎಂದುಕೊಂಡಿದ್ದಳು, ಆದರೆ ಯಾರೂ ಹೇಳದೆಯೇ ಸೊಸೆ ಹೋಳಿಗೆ ಕಳಿಸಿದ್ದಳು. ಆರನೇ ಬಟ್ಟಲು ಕಳುವಾಗಿರಲಿಲ್ಲ. ಹನುಮಮ್ಮ ತಲೆ ಬಾಚುತ್ತಿದ್ದಾಗ ಅದು ಎರಡು ಮಾರು ದೂರದ ಟ್ರಂಕಿನಲ್ಲಿತ್ತು.

"ಚಾ ಕುಡೀರಿ ಅಕ್ಕ."

"ಇನ್ನೊಂದಿನ ಬರ್ತೀನವ್ವಾ," ಎಂದಳು. ಶೇಂಗಾವನ್ನು ಮಾತ್ರ ಅರ್ಧ ಅಲ್ಲೇ ಸುರಿದು ಬಂದಳು.

ಮನೆಗೆ ಬಂದು ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಸುಮ್ಮನೆ ಕಪಾಟಿನಲ್ಲಿ ಇಟ್ಟುಬಿಟ್ಟರೆ? ಹಿಂದೆ ಸರಿದಿತ್ತು, ಸಿಕ್ಕಿತು ಎಂದು ಶೀಲಾ ತಿಳಿಯುತ್ತಾಳೆ. ಯಾರೂ ಕೇಳುವುದಿಲ್ಲ. ಕುರುಗೋಡಿಗೆ ವಾಪಸ್ ಹೋಗುವ ದಾರಿಯನ್ನು ಈ ಸೋತ ಕೈ ಕಟ್ಟಿ ಹಾಕಿತ್ತು. ಇನ್ನು ಇರುವುದು ಇದೇ ಮನೆಯಲ್ಲಿ, ಇದೇ ಸೊಸೆಯ ಮುಂದೆ. ಕದ್ದು ತಿಂದ ಮುದುಕಿ ಎನ್ನಿಸಿಕೊಂಡು ಇರುವುದೇ? ಸಂಜೆಯವರೆಗೂ ಅವಳು ಬಟ್ಟಲು ಹಿಡಿದು ಮೂರು ಸಲ ಕಪಾಟಿನ ತನಕ ಹೋದಳು. ಕಪಾಟು ಎತ್ತರವಿತ್ತು, ಆದರೂ ಕೈ ಎಟುಕುತ್ತಿತ್ತು. ಇಡಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಬಟ್ಟಲನ್ನು ತಾಟುಗಳ ನಡುವೆ ಇಟ್ಟಳು.

"ಎಲ್ಲಿ ಸಿಕ್ತು?" ಎಂದಳು ಶೀಲಾ.

"ನನ್ನ ಟ್ರಂಕಿನಾಗಿತ್ತು."

ಮುಚ್ಚುಮರೆ ಇಲ್ಲದೆ ಎಲ್ಲ ಹೇಳಿದಳು, ಹಾಟ್‌ಬಾಕ್ಸಿನ ಮುಚ್ಚಳದ ಸಂಗತಿಯನ್ನೂ. ಶೈಲಜಾ ಫಕ್ಕನೆ ನಕ್ಕಳು. "ಅಯ್ಯೋ, ಹೌದು. ಕೈಗೆ ಸಿಕ್ಕಿದ್ರಾಗ ಹೋಳಿಗಿ ಹಾಕ್ಕೊಂಡು ಹೋಗಿದ್ದೆ. ಅಜ್ಜಿ, ಪೂರಾ ನೀ ಒಬ್ಬಾಕಿನ ತಿಂದ್ಯಾ?"

ಶೀಲಾ ನಗಲಿಲ್ಲ. "ಮೂರು ವಾರ ನಾ ಸಿಂಕಿನ ಮುಂದ ನಿಂತು ಸಾಯಾಕತ್ತೀನಿ. ನೀವು ಟ್ರಂಕಿನ ಮ್ಯಾಲೆ ಕುಂತು ನೋಡಾಕತ್ತಿದ್ರಿ."

"ನಿಂದು ಅಂತ ಗೊತ್ತಿದ್ದಿಲ್ಲವ್ವಾ."

"ಒಂದು ಮಾತು ಹೇಳಿದ್ರ ಆಗ್ತಿತ್ತಲ್ರಿ. ಸುರಕುಂಬಾ ತಿಂದ್ರ ನಾ ಏನು ಹೊಡಿತಿದ್ನೇನು?"

ಅಕ್ಕನಾಗಮ್ಮ ಬಟ್ಟಲನ್ನು ಸೊಸೆಯ ಕಡೆ ಸರಿಸಿದಳು.

"ಹೋಗ್ಲಿ ಬಿಡು, ಸಿಕ್ತಲ್ಲ," ಎಂದ ಗವಿಸಿದ್ದೇಶ್.

"ಬಟ್ಟಲ ಸಿಕ್ತು. ಹನುಮಮ್ಮ ಸಿಕ್ಕಿಲ್ಲ. ಶೀಲಾ, ನೀ ಹೋಗಿ ಒಂದು ಮಾತು ಹೇಳು," ಎಂದಳು ಅಕ್ಕನಾಗಮ್ಮ.

"ನಾ ಕಳ್ಳಿ ಅಂದಿಲ್ಲ."

"ಅಂದಿಲ್ಲ. ಆಕಿಗೆ ಕೇಳಿಸೈತಿ."

ಶೀಲಾ ತಾಟು ಎತ್ತಿಕೊಂಡು ಎದ್ದಳು. ಫೋನ್ ಮಾಡಿದಳು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಮರುದಿನ ಬಸ್ಸಿನಿಂದಲೂ ಮಾಡಿದಳಂತೆ, ಎತ್ತಲಿಲ್ಲವಂತೆ.

ಭಾನುವಾರ ಬೆಳಿಗ್ಗೆ ಅಡುಗೆಮನೆಯಿಂದ ಶೇಂಗಾ ಹುರಿದ ವಾಸನೆ ಬಂತು. ಅತ್ತೆ ಸುಲಿದಿಟ್ಟಿದ್ದಕ್ಕೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಶೀಲಾ ಚಟ್ನಿಪುಡಿ ಕುಟ್ಟುತ್ತಿದ್ದಳು. ಮಿಕ್ಸಿ ಇದ್ದೂ ಕುಟ್ಟುತ್ತಿದ್ದಳು. ಬಟ್ಟಲಿಗೆ ತುಂಬಿ, ಒತ್ತಿ, ಮೇಲೆ ಒಂದು ಸಣ್ಣ ತಾಟು ಮುಚ್ಚಿದಳು.

"ನಡೀರಿ. ಸ್ಕೂಟಿ ಮ್ಯಾಲೆ ಗಟ್ಟಿ ಹಿಡ್ಕೊಳ್ರಿ."

ಕೌಲ್ ಬಜಾರಿನ ಓಣಿಯ ಬಾಯಿಗೆ ಸ್ಕೂಟಿ ನಿಲ್ಲಿಸಿದಳು. ಇಳಿಯಲಿಲ್ಲ.

"ನೀ ಬರಂಗಿಲ್ಲೇನು?"

"ನೀವು ಹೋಗಿ ಬರ್ರಿ. ನನಗ... ನೀವು ಹೋಗ್ರಿ."

ಹನುಮಮ್ಮ ಮನೆ ಎದುರಿನ ನಲ್ಲಿಯ ಮುಂದೆ ಬಿಂದಿಗೆ ಇಟ್ಟು ಕೂತಿದ್ದಳು. ನೋಡಿ ಎದ್ದಳು, ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಅಕ್ಕನಾಗಮ್ಮ ಬಟ್ಟಲನ್ನು ಹೊಸ್ತಿಲ ಬಳಿ ಇಟ್ಟು, ನಿಂತೇ ಎಲ್ಲ ಹೇಳಿ ಮುಗಿಸಿದಳು.

"ನಂದು ತಪ್ಪು. ಸೊಸಿ ಓಣಿ ಬಾಯಾಗ ನಿಂತಾಳ. ಮಾರಿ ತೋರ್ಸಾಕ ಆಗವಲ್ದು ಆಕಿಗೆ."

"ನಿಂತ್ಕೊಳ್ಳಿ ಬಿಡ್ರಿ. ಬಿಸಿಲು ಎಲ್ಲಾರಿಗೂ ಬೀಳ್ತತಿ."

"ನಾಳಿಂದ ಬಾರವ್ವಾ."

"ಇಲ್ರಿ ಅಮ್ಮ. ಆ ಹೊತ್ತಿಗೆ ಬ್ಯಾರೆ ಮನಿ ಹಿಡಿದೀನಿ. ಹಿಡಿದಿದ್ದಿಲ್ಲಂದ್ರೂ ಬರ್ತಿದ್ದಿಲ್ಲ. ಇನ್ನೊಂದು ಚಮಚ ಕಳದ್ರ ಮತ್ತ ಕೇಳ್ತಾರ. ಕೇಳ್ದಿದ್ರೂ ಕೇಳ್ಯಾರ ಅಂತ ನನಗ ಅನಸ್ತತಿ."

ಹನುಮಮ್ಮನ ಕಣ್ಣು ಅಕ್ಕನಾಗಮ್ಮನ ತಲೆಯ ಮೇಲೆ ಹೋಯಿತು. ಕುದುರೆಬಾಲ ಸ್ಕೂಟಿಯ ಗಾಳಿಗೆ ಬಿಚ್ಚಿ ಹರಡಿತ್ತು.

"ಇದನ್ನ ಯಾರು ಕಟ್ಟಿದ್ದು? ಕುಂದರ್ರಿ ಇಲ್ಲಿ."

ಹೊಸ್ತಿಲ ಮೇಲೆ ಕೂರಿಸಿ ಎಣ್ಣೆ ಹಚ್ಚಿದಳು. ಓಣಿಯ ಹೆಂಗಸರು ನೀರು ತುಂಬುತ್ತ ನೋಡುತ್ತಿದ್ದರು. ಯಾರದೋ ಮನೆಯಲ್ಲಿ ಟಿ.ವಿ. ಹಾಡುತ್ತಿತ್ತು. ತುರುಬು ಬಿಗಿಯಾಯಿತು.

ಏಳುವಾಗ ಅಕ್ಕನಾಗಮ್ಮ ಬಟ್ಟಲಿನ ಕಡೆ ನೋಡಿದಳು. ಹನುಮಮ್ಮ ಅದನ್ನು ಎತ್ತಿಕೊಂಡು ಒಳಗೆ ಹೋಗಿ ಗೂಡಿನಲ್ಲಿಟ್ಟು ಬಂದಳು.

"ಬಟ್ಟಲ ಇಲ್ಲೇ ಇರ್ಲಿ. ಈಗ ಹಾಕಿ ಕೊಡಾಕ ನನ್ನ ಕಡೆ ಏನೂ ಇಲ್ಲ."

ಸ್ಕೂಟಿಯ ಹತ್ತಿರ ಶೀಲಾ ಕೇಳಿದ್ದು ಒಂದೇ. "ಬರ್ತಾಳಂತೇನು?"

"ಇಲ್ಲಂತ."

ಶೀಲಾ ಅತ್ತೆಯ ಖಾಲಿ ಕೈ ನೋಡಿದಳು, ತುರುಬು ನೋಡಿದಳು, ಗಾಡಿ ಶುರು ಮಾಡಿದಳು.

ಕಾರಹುಣ್ಣಿಮೆ ಕಳೆದ ಮೇಲೆ ಹೊಸಬಳೊಬ್ಬಳು ಬೆಳಿಗ್ಗೆ ಏಳಕ್ಕೇ ಕೆಲಸಕ್ಕೆ ಬಂದಳು. ಮಾತು ಕಡಿಮೆ, ಕೈ ಚುರುಕು. ಕಪಾಟಿನಿಂದ ಪಾತ್ರೆ ಇಳಿಸಿ ಒರೆಸುವಾಗ ಮೊದಲ ದಿನವೇ ಕೇಳಿದಳು, "ಮೇಡಂ, ಈ ಬಟ್ಟಲ ಐದ ಅದಾವ್ರಿ. ಆಮ್ಯಾಲೆ ನನ್ನ ಕೇಳಬಾರ್ದು ಅಂತ ಈಗ್ಲೇ ಹೇಳ್ತೀನಿ."

"ಆರು," ಎಂದಳು ಶೀಲಾ, ಬ್ಯಾಗು ಹೆಗಲಿಗೆ ಹಾಕುತ್ತ. "ಒಂದು ಹನುಮಮ್ಮನ ಮನ್ಯಾಗ ಐತಿ. ಅಲ್ಲೇ ಇರ್ತತಿ."

ಬಾಗಿಲವರೆಗೆ ಹೋದವಳು ತಿರುಗಿ ಬಂದಳು. ಒಂದು ಪುಟ್ಟಿ ಚವಳಿಕಾಯಿಯನ್ನು ಅತ್ತೆಯ ಮುಂದೆ ಇಟ್ಟಳು. ಹಾಟ್‌ಬಾಕ್ಸಿನ ಮುಚ್ಚಳವನ್ನು ಸ್ವಲ್ಪ ಸಡಿಲಿಸಿದಳು.

"ಅತ್ತಿ, ಇವುಕ್ಕ ತುದಿ ಮುರಿದಿಡ್ರಿ. ನನಗ ಬಸ್ಸಿಗೆ ಹೊತ್ತಾತು."

ಅಕ್ಕನಾಗಮ್ಮ ಮುರಿದಳು. ಉದ್ದ ಬಿಡದೆ, ಒಂದೊಂದನ್ನೂ ನೋಡಿ ಮುರಿದಳು. ಹತ್ತು ಗಂಟೆಗೆಲ್ಲ ಪುಟ್ಟಿ ಖಾಲಿಯಾಯಿತು. ಹೊಸಬಳು ಕೆಲಸ ಮುಗಿಸಿ ಬಾಗಿಲು ಎಳೆದುಕೊಂಡು ಹೋದಳು. ಸೊಸೆ ಬರುವುದು ಏಳಕ್ಕೆ.